ಮಾಂಯ್ ಮತ್ತು ಎಂಟು ಪೋಪರು

ಪ್ರೀತಿಯ ಗೆಳೆಯಾ,

ಮಾಂಯ್ ತೀರಿಕೊಂಡ ಸುದ್ದಿ ಕೇಳಿ ನೀನು ದುಬೈಯಿಂದ ಫೋನ್ ಮಾಡಿದಾಗ ಮನೆ ತುಂಬ ಜನ. ಸರಿಯಾಗಿ ಮಾತಾಡಲು ಆಗಲಿಲ್ಲ. "ಅಷ್ಟು ವರ್ಷ ಅದೇ ಇಗರ್ಜಿ (ಚರ್ಚು), ಅದೇ ತೇರ್ಸ್ (ಮನೆಯ ಜಪಸರದ ಪ್ರಾರ್ಥನೆ). ಅಜ್ಜಿಗೆ ಬೇಸರ ಆಗ್ಲಿಲ್ವಾ?" ಅಂತ ಕೇಳಿದ್ದೆ. ಅದಕ್ಕೇ ಈ ಪತ್ರ. ಅದೇ ಅದೇ ಅಂತ ಕಂಡದ್ದು ನಮಗೆ ಮಾರಾಯ. ಅವರ ಆಯುಷ್ಯದಲ್ಲಿ ಇಗರ್ಜಿಯ ನಿಯಮಗಳು ಎಷ್ಟು ಬದಲಾದವು ಅಂತ ಈಗ ಕೂತು ಯೋಚಿಸಿದರೆ ಆಶ್ಚರ್ಯ ಆಗುತ್ತದೆ.

ಹುಟ್ಟಿದ್ದು 1926ರಲ್ಲಿ, ಹನ್ನೊಂದನೇ ಪಿಯುಸ್ ಪೋಪರಾಗಿದ್ದಾಗ. ಹೋದದ್ದು 2024ರ ಮಳೆಗಾಲದಲ್ಲಿ, ಫ್ರಾನ್ಸಿಸರ ಕಾಲದಲ್ಲಿ. ಒಟ್ಟು ಎಂಟು ಪೋಪರು. ಅದರಲ್ಲಿ 1978ರಲ್ಲಿ ಬರೀ 33 ದಿನ ಇದ್ದು ತೀರಿಕೊಂಡ ಮೊದಲನೇ ಜಾನ್ ಪೌಲರ ಮೇಲೆ ಅವರಿಗೆ ವಿಶೇಷ ಕನಿಕರ. "ಪಾಪ, ಕುರ್ಚಿ ಬಿಸಿಯಾಗುವ ಮೊದಲೇ ಎದ್ದು ಹೋದರು" ಅನ್ನುತ್ತಿದ್ದರು.

ಅವರು ಮದುವೆಯಾಗಿ ಕಾರ್ಕಳದ ಕಡೆಗೆ ಬಂದಾಗ ಪೂಜೆ ನಡೆಯುತ್ತಿದ್ದದ್ದು ಲ್ಯಾಟಿನ್‌ನಲ್ಲಿ. ಪಾದ್ರಿಗಳು ಜನರಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಹೆಂಗಸರು ತಲೆಗೆ ಸೆರಗು ಹೊದ್ದು ತಮ್ಮ ಪಾಡಿಗೆ ಜಪಸರ ಎಣಿಸುತ್ತಿದ್ದರು. ಅರುವತ್ತರ ದಶಕದಲ್ಲಿ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಕೊಂಕಣಿಗೆ ಬಂತು. ಹಳಬರು ಗೊಣಗಿದರಂತೆ, ಮಾಂಯ್ ಗೊಣಗಲಿಲ್ಲ. "ದೇವರಿಗೆ ಕೊಂಕಣಿ ಬರ್ತದೆ ಅಂತ ನನಗೆ ಮೊದಲೇ ಗೊತ್ತಿತ್ತು. ಪಾದ್ರಿಗಳಿಗೆ ತಡವಾಗಿ ಗೊತ್ತಾಯ್ತು, ಅಷ್ಟೇ."

ಆದರೆ ಉಪವಾಸದ ವಿಷಯದಲ್ಲಿ ಅವರು ಯಾವ ಪೋಪರ ಮಾತೂ ಕೇಳಲಿಲ್ಲ. ಹಿಂದೆ ಕಮ್ಯುನಿಯನ್, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ತೆಗೆದುಕೊಳ್ಳಬೇಕಾದರೆ ನಡುರಾತ್ರಿಯಿಂದ ಏನೂ ತಿನ್ನುವಂತಿರಲಿಲ್ಲ. 1957ರಲ್ಲಿ ಅದನ್ನು ಮೂರು ಗಂಟೆಗೆ ಇಳಿಸಿದರು, 1964ರಲ್ಲಿ ಒಂದೇ ಗಂಟೆಗೆ. ಮಾಂಯ್ ಮಾತ್ರ ಹಳೇ ಲೆಕ್ಕದಲ್ಲೇ ಉಳಿದರು. ಸಕ್ಕರೆ ಕಾಯಿಲೆ ಬಂದ ಮೇಲೂ ಅಷ್ಟೇ. ಡಾಕ್ಟರು ಬೈದರು, ಪಾದ್ರಿಗಳೂ ಬೈದರು. "ಆಯ್ತು ಆಯ್ತು" ಅಂತ ತಲೆಯಾಡಿಸಿ ಬರುತ್ತಿದ್ದರು. ಕೊರೊನಾ ಕಾಲದಲ್ಲಿ ಇಗರ್ಜಿ ಮುಚ್ಚಿತ್ತಲ್ಲ, ಆಗ ನೋಡಬೇಕಿತ್ತು ನೀನು. ಮೊಬೈಲನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಪೂಜೆ ಹಾಕಿಕೊಟ್ಟರೆ, ಸುವಾರ್ತೆ ಓದುವಾಗ ಗೋಡೆ ಹಿಡಿದುಕೊಂಡು ಎದ್ದು ನಿಲ್ಲುತ್ತಿದ್ದರು. ಮೊಬೈಲಿನಲ್ಲಿ ಕಮ್ಯುನಿಯನ್ ಎಲ್ಲಿ ಸಿಗ್ತದೆ ಹೇಳು? ಆದರೂ ಅದು ಮುಗಿಯುವವರೆಗೆ ಕಾಫಿ ಮುಟ್ಟುತ್ತಿರಲಿಲ್ಲ.

ತೇರ್ಸ್ ನಿನಗೆ ನೆನಪಿರಲೇಬೇಕು. ಆಡಲು ಕರೆಯಲು ಬಂದು, ಜಗಲಿಯಲ್ಲಿ ಕೂತು ಕೂತು ನಿನಗೂ "ನಮಾನ್ ಮರಿಯೆ" ಬಾಯಿಪಾಠ ಆಗಿತ್ತು. ಮುಗಿದ ಮೇಲೆ ನಾವು ಮಕ್ಕಳೆಲ್ಲ ಸಾಲಾಗಿ ಹಿರಿಯರ ಬೆಸಾಂವ್ (ಆಶೀರ್ವಾದ) ಕೇಳುವಾಗ ನೀನೂ ಸಾಲಿನಲ್ಲಿ ನಿಂತು ಕೈ ಮುಗಿಯುತ್ತಿದ್ದೆ. ಆಮೇಲೆ ಕೊಡುವ ಬೆಲ್ಲದ ಆಸೆಗೆ, ಅಲ್ವಾ? ಆ ತೇರ್ಸನ್ನೂ ಪೋಪರು ಬಿಡಲಿಲ್ಲ. ಜಪಸರ ಹೇಳುತ್ತಾ ಧ್ಯಾನಿಸುವ ಯೇಸು ಮತ್ತು ಮರಿಯಮ್ಮನ ಬದುಕಿನ ಘಟನೆಗಳಿಗೆ ರಹಸ್ಯಗಳು ಅನ್ನುತ್ತಾರೆ, ದಿನಕ್ಕೆ ಒಂದು ಗುಂಪು. 2002ರಲ್ಲಿ ಎರಡನೇ ಜಾನ್ ಪೌಲರು ಬೆಳಕಿನ ರಹಸ್ಯಗಳು ಅಂತ ಐದು ಹೊಸತು ಸೇರಿಸಿ, ಗುರುವಾರ ಅವನ್ನು ಹೇಳಿ ಅಂದರು. ಹದಿನೈದು ಇದ್ದದ್ದು ಇಪ್ಪತ್ತಾಯಿತು. ಈ ಪೋಪರು 1986ರಲ್ಲಿ ಮಂಗಳೂರಿಗೆ ಬಂದಿದ್ದಾಗ ಮಾಂಯ್ ಬಿಸಿಲಲ್ಲಿ ನಿಂತು ದೂರದಿಂದ ನೋಡಿ ಬಂದವರು. ಅವರ ಮಾತನ್ನು ತೆಗೆದುಹಾಕುವ ಹಾಗಿಲ್ಲ, ಗುರುವಾರ ಹೇಳುತ್ತಿದ್ದ ಹಳೇ ರಹಸ್ಯಗಳನ್ನು ಬಿಡುವ ಹಾಗೂ ಇಲ್ಲ. ಏನು ಮಾಡಿದರು ಗೊತ್ತಾ? ಗುರುವಾರ ಎರಡನ್ನೂ ಹೇಳಿದರು. ನಮ್ಮ ಮೊಣಕಾಲಿನ ಗತಿ ಕೇಳಬೇಡ.

ಭಕ್ತಿ ಅಂದರೆ ಬರೀ ಮಂಡಿಯೂರುವುದು ಅಂತ ತಿಳಿಯಬೇಡ. ನಮ್ಮದು ಗೇಣಿ ಒಕ್ಕಲು. ಬೆಳೆದದ್ದರಲ್ಲಿ ಧನಿಗಳ ಗೇಣಿ ಅಳೆದು ಕೊಟ್ಟ ಮೇಲೆ ಉಳಿದ ಭತ್ತದಲ್ಲಿ ಎಂಟು ಮಕ್ಕಳನ್ನು ಸಾಕಿದವರು. ಆದರೂ ಸೆಪ್ಟೆಂಬರ್ ಎಂಟರ ಮೊಂತಿ ಫೆಸ್ತ್, ಅಂದರೆ ಮರಿಯಮ್ಮನ ಹುಟ್ಟುಹಬ್ಬದ ತೆನೆ ಹಬ್ಬ, ತಪ್ಪಿಸಿದ್ದೇ ಇಲ್ಲ. ಇಗರ್ಜಿಯಿಂದ ಆಶೀರ್ವಾದದ ತೆನೆ ತಂದು, ಅದರ ಕಾಳು ಸುಲಿದು ಹಾಲಿಗೆ ಹಾಕಿ ಎಲ್ಲರಿಗೂ ಕೊಡುತ್ತಿದ್ದರು. ಅವತ್ತು ಮೀನೂ ಇಲ್ಲ, ಮಾಂಸವೂ ಇಲ್ಲ. ಬರೀ ತರಕಾರಿ, ಅದೂ ಬೆಸ ಸಂಖ್ಯೆಯಲ್ಲಿ. 1974ರ ಭೂಸುಧಾರಣೆ ಕಾನೂನು ಬಂದಾಗ ಅಜ್ಜ ಹೆದರಿ ಹೆದರಿ ಡಿಕ್ಲರೇಷನ್ ಕೊಟ್ಟರು, ಗೇಣಿ ಗದ್ದೆ ನಮಗೇ ಆಗಬೇಕು ಅಂತ ಕೇಳುವ ಅರ್ಜಿ ಅದು. ಇತ್ತ ಮಾಂಯ್ ಕಾರ್ಕಳದ ಹತ್ತಿರದ ಅತ್ತೂರಿನ ಇಗರ್ಜಿಯ ಸಾಂತ್ ಲೋರೆಸಿಗೆ (ಸಂತ ಲಾರೆನ್ಸರಿಗೆ) ಹರಕೆ ಹೊತ್ತರು. ಗದ್ದೆ ನಮ್ಮ ಹೆಸರಿಗೆ ಆಯಿತು. ಅದರಲ್ಲಿ ಅರ್ಧ ಪುಣ್ಯ ದೇವರಾಜ ಅರಸರಿಗೆ, ಅರ್ಧ ಸಾಂತ್ ಲೋರೆಸಿಗೆ ಅಂತ ಕೊನೆಯವರೆಗೂ ಹೇಳುತ್ತಿದ್ದರು. ಸಂತರ ಪಾಲು ಸ್ವಲ್ಪ ಜಾಸ್ತಿ ಆಗಬೇಕಿತ್ತು ಅಂತ ಒಮ್ಮೆ ಅಜ್ಜ ಅಂದಾಗ, "ಸಂತರು ವಿಧಾನಸಭೆಗೆ ಹೋಗ್ತಾರಾ?" ಅಂದರಂತೆ.

ಕೊನೆಯ ವರ್ಷ ನೆನಪು ಮಸುಕಾಗಿತ್ತು. ನನ್ನನ್ನು ಅಪ್ಪ ಅಂದುಕೊಳ್ಳುತ್ತಿದ್ದರು. ಆದರೆ ಹರಕೆಗಳ ಪಟ್ಟಿ ಮಾತ್ರ ತಲೆಯಲ್ಲಿ ಹಾಗೇ ಇತ್ತು. ಯಾರದ್ದು ತೀರಿತು, ಯಾರದ್ದು ಬಾಕಿ, ಎಲ್ಲ.

ಅದರಲ್ಲಿ ನಿನ್ನದೂ ಒಂದು ಉಂಟು. ಪಿಯುಸಿಯಲ್ಲಿ ನೀನು ಗಣಿತದಲ್ಲಿ ಪಾಸಾಗಲಿ ಅಂತ ಅತ್ತೂರಿಗೆ ನಿನ್ನಷ್ಟೇ ಎತ್ತರದ ಮೇಣದ ಬತ್ತಿ ಹೇಳಿಕೊಂಡಿದ್ದರಂತೆ. "ಅವನಿಗೆ ನೆನಪು ಮಾಡು" ಅಂತ ನನಗೆ ಹೇಳಿದ್ದಾರೆ. ನೀನು ಪಾಸಾದೆಯಲ್ಲ, 36 ಅಂಕವೇ ಆಗಲಿ. ಜನವರಿ ಕೊನೆಗೆ ಅತ್ತೂರಿನ ಸಾಂತ್‌ಮಾರಿ ಜಾತ್ರೆ. ಆ ಇಗರ್ಜಿಗೆ ಬಸಿಲಿಕಾ ಅನ್ನುವ ವಿಶೇಷ ಗೌರವ ಸಿಕ್ಕಿದ ಮೇಲೆ ಜನ ಇನ್ನೂ ಜಾಸ್ತಿ, ಹಾಗಾಗಿ ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು. ಟಿಕೆಟ್ ಈಗಲೇ ಮಾಡಿಸು. ಬತ್ತಿಯ ದುಡ್ಡು ನಿನ್ನದೇ.

ನಿನ್ನ ಗೆಳೆಯ