ಅನುಬಂಧದಿಂದ ಓದು

ಧಾರವಾಡ

ಪ್ರೀತಿಯ ತಂಗಿ,

ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ಉತ್ತರ ತಡವಾದದ್ದಕ್ಕೆ ಕಣ್ಣಿನ ಪೊರೆ ತೆಗೆಸಿಕೊಂಡದ್ದು ಒಂದು ನೆಪ. ನಿಜ ಹೇಳಬೇಕೆಂದರೆ ನೀನು ಬರೆದ ಒಂದು ಮಾತಿಗೆ ಸಿಟ್ಟು ಬಂದಿತ್ತು, ಅದು ಇಳಿಯಲೆಂದು ಕಾಯುತ್ತಿದ್ದೆ. "ಮೂರು ವಾರ ಪಿಎಚ್.ಡಿ. ಪ್ರಬಂಧಗಳ ಕಪಾಟಿನ ಮುಂದೆ ಕೂತೆ ಸರ್, ಎಲ್ಲವೂ ಒಂದೇ ಅಚ್ಚಿನಲ್ಲಿ ಕೊಯ್ದ ಇಟ್ಟಿಗೆಗಳು. ಕಥೆ ಬರೆಯುವವಳಿಗೆ ಇಲ್ಲೇನಿದೆ?" ಎಂದು ಕೇಳಿದ್ದೀಯ.

ಅರ್ಧ ಒಪ್ಪುತ್ತೇನೆ. ಕಪ್ಪು ರೆಕ್ಸಿನ್ ಹೊದಿಕೆ, ಮೇಲೆ ಬಂಗಾರದ ಅಕ್ಷರ. ಒಳಗೆ ಪೀಠಿಕೆ, ಅದರಲ್ಲಿ ಉದ್ದೇಶ, ವ್ಯಾಪ್ತಿ, ಅಧ್ಯಯನದ ವಿಧಾನ. ಕೊನೆಗೆ ಉಪಸಂಹಾರ, ಅಂದರೆ ಹಿಂದೆ ಹೇಳಿದ್ದನ್ನೇ ಇನ್ನೊಮ್ಮೆ ಹೇಳುವುದು. ಮಾರ್ಗದರ್ಶಕರ ಹೆಸರಿನ ಹಿಂದೆ ಮಠಾಧೀಶರಿಗೂ ಇಲ್ಲದಷ್ಟು ವಿಶೇಷಣಗಳು. ಇದನ್ನೆಲ್ಲ ನಾನೂ ಓದಿ ಆಕಳಿಸಿದ್ದೇನೆ. ಆದರೆ ನೀನು ಓದಿದ್ದು ಮುಂದಿನಿಂದ. ಪ್ರಬಂಧವನ್ನು ಹಿಂದಿನಿಂದ ಓದಬೇಕು, ಅನುಬಂಧದಿಂದ. ಪದವಿಗಾಗಿ ಬರೆದದ್ದು ಮುಂದೆ ಇರುತ್ತದೆ. ಬಿಸಿಲಲ್ಲಿ ಅಲೆದು ತಂದದ್ದು ಹಿಂದೆ.

ನನಗೆ ಇದು ತಿಳಿದದ್ದು 1983ರಲ್ಲಿ. ಒಂದು ತಾಲ್ಲೂಕಿನ ಬೀಸುವ ಪದಗಳ ಮೇಲೆ ಬರೆದ ಪ್ರಬಂಧ. ಟೈಪ್ ಮಾಡಿದ ಪ್ರತಿ. ಯಂತ್ರದಲ್ಲಿ ಸರಿಯಾಗಿ ಮೂಡದ ಒತ್ತಕ್ಷರಗಳನ್ನು ಸಂಶೋಧಕರೇ ನೀಲಿ ಶಾಯಿಯಲ್ಲಿ ತಿದ್ದಿದ್ದರು. ಮೂರನೆಯ ಅಧ್ಯಾಯ 'ತವರಿನ ಪದಗಳು', ನಾಲ್ಕನೆಯದು 'ಅತ್ತೆಮನೆಯ ಪದಗಳು'. ಮೂರರಲ್ಲಿ ಒಂದು ತವರಿನ ಪದ, ಅದಕ್ಕೊಂದು ವ್ಯಾಖ್ಯಾನ. ನಾಲ್ಕರಲ್ಲಿ ಅತ್ತೆಯ ಮೇಲಿನ ಪದ, ಅದಕ್ಕೂ ಒಂದು ವ್ಯಾಖ್ಯಾನ. ಎರಡೂ ಸಪ್ಪೆ. ಬೇಸರದಲ್ಲಿ ಹಿಂದಿನ ಪುಟಗಳನ್ನು ತಿರುವಿದೆ. ಅನುಬಂಧದಲ್ಲಿ ಅವೆರಡೂ ಒಂದೇ ಹಾಡು! ಒಬ್ಬಳೇ ಹೆಂಗಸು ಹೇಳಿದ್ದು. ಏಳನೆಯ ನುಡಿ ಮುಗಿದಲ್ಲಿ ಕಂಸದೊಳಗೆ ಸಣ್ಣದಾಗಿ ಹೀಗಿತ್ತು: 'ಇಲ್ಲಿ ಎಮ್ಮೆ ಹಿಂಡಲು ಎದ್ದುಹೋದರು. ಮುಂದಿನ ನುಡಿಗಳು ಮರುದಿನ ಬೆಳಗ್ಗೆ ಹೇಳಿದ್ದು.'

ಸಂಜೆ ತವರನ್ನು ನೆನೆದು ಹಾಡಿದವಳು, ಎಮ್ಮೆ ಹಿಂಡಿ, ಉಂಡು, ಮಲಗಿ, ಬೆಳಗ್ಗೆ ಎದ್ದು ಅದೇ ಹಾಡನ್ನು ಅತ್ತೆಯ ಕಡೆಗೆ ತಿರುಗಿಸಿದ್ದಾಳೆ. ನಡುವಿನ ರಾತ್ರಿಯಲ್ಲಿ ಏನಾಯಿತು? ಇನ್ನೂರು ಪುಟದ ವಿಶ್ಲೇಷಣೆಗೆ ಆ ರಾತ್ರಿ ಬೇಕಾಗಿರಲಿಲ್ಲ. ವಿಂಗಡಣೆಯ ಕತ್ತರಿ ಸರಿಯಾಗಿ ಅಲ್ಲಿಯೇ ಆಡಿತ್ತು. ಆದರೆ ಅದೇ ಸಂಶೋಧಕರು ಕಂಸದೊಳಗೆ ಅದನ್ನು ಉಳಿಸಿದ್ದರಲ್ಲ, ಅದಕ್ಕೆ ಅವರಿಗೆ ಇಂದಿಗೂ ಕೈಮುಗಿಯುತ್ತೇನೆ. ನಾನು ಆ ರಾತ್ರಿಯ ಮೇಲೆ ಹನ್ನೊಂದು ಪುಟದ ಕಥೆ ಬರೆದೆ. ದೀಪಾವಳಿ ವಿಶೇಷಾಂಕವೊಂದರಲ್ಲಿ ಬಂತು. ನೀನು ಮೆಚ್ಚಿ ಪತ್ರ ಬರೆದದ್ದು ಅದೇ ಕಥೆಗೆ. ಅದರ ಬಗ್ಗೆ ಕೊನೆಯಲ್ಲಿ ಇನ್ನೊಂದು ಮಾತಿದೆ.

ಪಾಂಡಿತ್ಯ ಎಂದರೆ ಪ್ರಬಂಧ ಮಾತ್ರ ಎಂದುಕೊಂಡಿದ್ದೀಯಲ್ಲ, ಅದು ನಿನ್ನ ಎರಡನೆಯ ತಪ್ಪು. ಮೈಸೂರಿನಲ್ಲಿದ್ದುಕೊಂಡು ಹೀಗೆ ಹೇಳಬಾರದು. ಓರಿಯಂಟಲ್ ಲೈಬ್ರರಿ ಎಂದು 1891ರಲ್ಲಿ ಶುರುವಾದ ಸಂಸ್ಥೆ ನಿನ್ನ ವಸತಿಗೃಹದಿಂದ ಎಷ್ಟು ದೂರ? ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಅಲ್ಲಿಗೆ 'ಗ್ರಂಥ' ಎಂಬ ಹಳೆಯ ಲಿಪಿಯ ಓಲೆಕಟ್ಟೊಂದನ್ನು ಕೊಟ್ಟರು. ಗ್ರಂಥಪಾಲಕರಾಗಿದ್ದ ಆರ್. ಶಾಮಾಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು ಗುರುತಿಸಿ 1905ರಲ್ಲಿ ಲೋಕಕ್ಕೆ ತಿಳಿಸಿದರು. 1909ರಲ್ಲಿ ಮೂಲವನ್ನು, 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಪುಸ್ತಕವಾಗಿ ತಂದರು. ಶಾಸ್ತ್ರಿಗಳ ಹೆಸರು ಉಳಿಯಿತು, ಉಳಿಯಬೇಕಾದದ್ದೇ. ಓಲೆಕಟ್ಟನ್ನು ತಂದುಕೊಟ್ಟವರು ಮಾತ್ರ ನಾನು ಓದಿದ ಕಡೆಯೆಲ್ಲ ಬರೀ 'ತಂಜಾವೂರಿನ ಪಂಡಿತರು'. ಯಾವ ಊರು, ಯಾರ ಮನೆಯ ಅಟ್ಟ, ಯಾಕೆ ಕೊಟ್ಟರು?

ಹಸ್ತಪ್ರತಿಗಳನ್ನೇ ನೋಡುವ ಧೈರ್ಯ ಇನ್ನೂ ಇಲ್ಲದಿದ್ದರೆ ಅವುಗಳ ವರ್ಣನಾತ್ಮಕ ಸೂಚಿಗಳನ್ನು ಓದು. ಕನ್ನಡ ಓಲೆಗಳ ಸೂಚಿಗಳು ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ನಿನ್ನ ಕೈಗೇ ಸಿಗುತ್ತವೆ. ಗರಿಗಳೆಷ್ಟು, ಉದ್ದ ಅಗಲ ಎಷ್ಟು, ಪುಟಕ್ಕೆ ಎಷ್ಟು ಸಾಲು, ಆದಿ, ಅಂತ್ಯ. ಅದರ ಮುಂದೆ 'ಅಸಮಗ್ರ', 'ಹುಳು ತಿಂದಿದೆ', 'ನಡುವೆ ಗರಿಗಳಿಲ್ಲ'. ಒಬ್ಬ ಪಂಡಿತ ವರ್ಷಗಟ್ಟಲೆ ಕೂತು, ಗರಿಗೆ ನಿಂಬೆಹುಲ್ಲಿನ ಎಣ್ಣೆ ಸವರಿ, ಕಾಡಿಗೆಯ ಮಸಿ ತಿಕ್ಕಿ, ಅಕ್ಷರ ಎದ್ದ ಮೇಲೆ ಓದಿ, ಬರೆದುಕೊಳ್ಳುವುದು ಇಂಥ ನಾಲ್ಕು ಸಾಲು. ಇದೂ ಸಂಶೋಧನೆಯೇ. ಲಿಪಿಕಾರರು ಪ್ರತಿಯ ಕೊನೆಯಲ್ಲಿ ಬರೆಯುತ್ತಿದ್ದ ಹಳೆಯ ಶ್ಲೋಕವೊಂದಿದೆ: 'ಭಗ್ನಪೃಷ್ಠಕಟಿಗ್ರೀವಃ ಸ್ತಬ್ಧದೃಷ್ಟಿರಧೋಮುಖಃ'. ಬೆನ್ನು, ಸೊಂಟ, ಕತ್ತು ಮುರಿದು, ಕಣ್ಣು ನೆಟ್ಟು, ಮುಖ ತಗ್ಗಿಸಿ ಕಷ್ಟಪಟ್ಟು ಬರೆದದ್ದು, ಜತನವಾಗಿ ಕಾಪಾಡಿ ಎಂದು. ಕಂಟ ಎಂಬ ಕಬ್ಬಿಣದ ಲೇಖನಿ ಹಿಡಿದು ಬರೆದವರ ಬೆನ್ನುನೋವು ಅದರಲ್ಲಿದೆ. ಲ್ಯಾಪ್‌ಟಾಪ್ ಮುಂದೆ ಎರಡು ತಾಸು ಕೂತು ಕುತ್ತಿಗೆ ಹಿಡಿದುಕೊಂಡಿತು ಎಂದು ನೀನು ಬರೆದದ್ದು ಓದಿ ಈ ಶ್ಲೋಕವೇ ನೆನಪಾಯಿತು.

(ಇನ್ನೊಂದು ವಿಷಯ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆದು ಮಡಿಚಿಡುತ್ತಿದ್ದರು. ಅದಕ್ಕೆ ಕಡತ ಎಂದು ಹೆಸರು. ಈಗ ತಾಲ್ಲೂಕು ಕಚೇರಿಯಲ್ಲಿ 'ಕಡತ ಸಾಹೇಬರ ಮೇಜಿನ ಮೇಲಿದೆ' ಎನ್ನುತ್ತಾರಲ್ಲ, ಆ ಕಡತ ಇದೇ.)

ಗ್ರಂಥಸಂಪಾದನೆಯ ವಿಚಾರಕ್ಕೆ ಬರುತ್ತೇನೆ. ಕಥೆಗಾರರು ಇದನ್ನು ಮೂಸಿಯೂ ನೋಡುವುದಿಲ್ಲ, ಅದೇ ನನಗೆ ಆಶ್ಚರ್ಯ. ಡಿ.ಎಲ್. ನರಸಿಂಹಾಚಾರ್ಯರು ಸಂಪಾದಿಸಿ 1949ರಲ್ಲಿ ಪ್ರಕಟವಾದ ವಡ್ಡಾರಾಧನೆಯನ್ನೋ, ಅಂಥ ಯಾವುದಾದರೂ ಒಳ್ಳೆಯ ಪರಿಷ್ಕರಣವನ್ನೋ ತೆಗೆದು ಪಾಠಾಂತರಗಳನ್ನು ಮಾತ್ರ ಒಂದು ವಾರ ಓದು. ಕ ಪ್ರತಿಯಲ್ಲಿ ಒಂದು ಪದ, ಖ ಪ್ರತಿಯಲ್ಲಿ ಇನ್ನೊಂದು, ಗ ಪ್ರತಿಯಲ್ಲಿ ಆ ಸಾಲೇ ಇಲ್ಲ. ಪ್ರತಿ ಮಾಡಿದವನು ಅರ್ಥವಾಗದ ಪದವನ್ನು ತನಗೆ ಗೊತ್ತಿದ್ದ ಪದಕ್ಕೆ ಬದಲಿಸಿದ್ದಾನೆ. ಅದಕ್ಕೇ ಸಂಪಾದಕರು ಹಲವು ಸಲ ಕಷ್ಟದ ಪಾಠವನ್ನೇ ಮೂಲವೆಂದು ಎತ್ತಿಕೊಳ್ಳುತ್ತಾರೆ. ನಿನ್ನ ಕಥೆಯ ಎರಡನೆಯ ಕರಡನ್ನು ನನಗೆ ಕಳಿಸಿದ್ದೆಯಲ್ಲ, ಅದರಲ್ಲಿ 'ಹಗೇವು' ಇದ್ದ ಕಡೆ 'ಉಗ್ರಾಣ' ಎಂದು ತಿದ್ದಿದ್ದೆ. ಬೆಂಗಳೂರಿನ ಓದುಗರಿಗೆ ತಿಳಿಯಲಿ ಎಂದೋ? ಹಗೇವು ನೆಲದೊಳಗಿನ ಜೋಳದ ಗುಂಡಿ. ಅದರ ಬಾಯಿ ತೆರೆದ ಕೂಡಲೇ ಇಳಿದರೆ ಉಸಿರುಗಟ್ಟಿ ಸಾಯುತ್ತಾರೆ. ಉಗ್ರಾಣದಲ್ಲಿ ಯಾರೂ ಹಾಗೆ ಸಾಯುವುದಿಲ್ಲ. ನಿನ್ನ ಕಥೆಯ ಮುದುಕ ಸಾಯಬೇಕಲ್ಲ! ಆ ಲಿಪಿಕಾರ ಮಾಡಿದ್ದನ್ನೇ ನೀನೂ ಮಾಡಿದ್ದೀಯ, ನಿನ್ನದೇ ಬರಹಕ್ಕೆ.

ಇನ್ನು ಶಾಸನಗಳು. ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ.ಎಲ್. ರೈಸ್ ಶಿಕ್ಷಣ ಇಲಾಖೆಯಲ್ಲಿದ್ದವರು. ಅವರು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೆರಡು ಸಂಪುಟಗಳನ್ನು 1886ರಿಂದ 1905ರ ಒಳಗೆ ಹೊರತಂದರು. ತಾಲ್ಲೂಕುವಾರು ಜೋಡಿಸಿದ್ದಾರೆ. ನಿಮ್ಮ ತುಮಕೂರು ಜಿಲ್ಲೆಯದು ಹನ್ನೆರಡನೆಯದು. ತಿಪಟೂರು ತಾಲ್ಲೂಕಿನ ಪುಟಗಳನ್ನು ತೆರೆದು ನಿಮ್ಮ ಊರಿನ ಸುತ್ತ ಯಾವ ಹಳ್ಳಿಗಳಿವೆ ನೋಡು. ರಾಜರ ಬಿರುದುಗಳನ್ನು ದಾಟಿ ಹೋಗು, ಅವು ಎಲ್ಲ ಕಡೆಯೂ ಒಂದೇ. ವೀರಗಲ್ಲುಗಳ ಹತ್ತಿರ ನಿಲ್ಲು. ತುರು ಕವಿದಾಗ, ಅಂದರೆ ದನಗಳನ್ನು ಹೊಡೆದೊಯ್ಯುವಾಗ, ಅಡ್ಡ ನಿಂತು ಸತ್ತವನು, ಅವನಿಗೆ ಕಲ್ಲು ನಿಲ್ಲಿಸಿದವರು, ಕೊಟ್ಟ ಗದ್ದೆ; ಎರಡು ಮೂರು ಸಾಲು, ಮುಗಿಯಿತು. ಅಷ್ಟು ಕಡಿಮೆ ಮಾತಿನಲ್ಲಿ ಒಂದು ಸಾವನ್ನು ಹೇಳಲು ನನಗೆ ಇನ್ನೂ ಬಂದಿಲ್ಲ.

ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳನ್ನೂ ಬಿಡಬೇಡ. ಹೆಸರು ಕೇಳಿದರೆ ಸರ್ಕಾರಿ ಕಾಗದ. ಎಂ.ಎಚ್. ಕೃಷ್ಣ ಅವರು ಹಲ್ಮಿಡಿ ಶಾಸನವನ್ನು ಪ್ರಕಟಿಸಿದ್ದು ಅಂಥದೇ ಒಂದು ವರದಿಯಲ್ಲಿ, 1936ರದು. ಯಾವ ಊರಿಗೆ ಹೋದರು, ಯಾವ ಗುಡಿ ಸೋರುತ್ತಿತ್ತು, ಯಾವ ನಾಣ್ಯ ಸಿಕ್ಕಿತು ಎಂಬ ವಿವರಗಳ ಜೊತೆಯಲ್ಲಿಯೇ ಕನ್ನಡದ ಬಹು ಹಳೆಯ ಹದಿನಾರು ಸಾಲುಗಳೂ ಕೂತಿವೆ.

ಕೈಫಿಯತ್ತುಗಳು, ಅಂದರೆ ಊರಿನವರು ಹೇಳಿ ಬರೆಸಿದ ಊರಿನ ಇತಿಹಾಸಗಳು, ಕಥೆಗಾರರ ಪಾಲಿಗೆ ಹುಲುಸಾದ ಹೊಲ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಮೋಜಣಿಗೆ ಬಂದ ಬ್ರಿಟಿಷ್ ಅಧಿಕಾರಿ ಕಾಲಿನ್ ಮೆಕೆಂಜಿ ನೆಲ ಅಳೆದದ್ದಲ್ಲದೆ ಊರೂರಿನ ಕಥೆಯನ್ನೂ ಬರೆಸಿಕೊಂಡ. ಅವನ ಪರವಾಗಿ ಅಲೆದವರು ಕಾವಲಿ ಬೊರಯ್ಯನಂಥ ತೆಲುಗು ಪಂಡಿತರು. ಹೇಳಿದವರು ಊರಿನ ಶಾನುಭೋಗರು, ಗೌಡರು, ಪೂಜಾರಿಗಳು. ಆ ಸಂಗ್ರಹದ ಒಂದು ಭಾಗ ಮದ್ರಾಸಿನ ಸರ್ಕಾರಿ ಹಸ್ತಪ್ರತಿ ಭಂಡಾರದಲ್ಲಿ ಉಳಿಯಿತು, ಇನ್ನೊಂದು ಲಂಡನ್ ಸೇರಿತು. ಕನ್ನಡದವನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ್ದಾರೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಪ್ರಕಟಣೆ. ಇತಿಹಾಸಕಾರರು ಅದರಲ್ಲಿ ಸುಳ್ಳೆಷ್ಟು ನಿಜವೆಷ್ಟು ಎಂದು ಜಾಲಾಡುತ್ತಾರೆ, ಅದು ಅವರ ಕೆಲಸ. ನೀನು ಬೇರೆ ಪ್ರಶ್ನೆ ಕೇಳು: ಹೊಸ ಸರ್ಕಾರದ ಆಳು ಎದುರಿಗೆ ಕೂತು ಬರೆದುಕೊಳ್ಳುತ್ತಿರುವಾಗ ಶಾನುಭೋಗ ಏನನ್ನು ಹೇಳಿದ, ಏನನ್ನು ನುಂಗಿದ? ಇನಾಮು ಭೂಮಿ ಉಳಿಸಿಕೊಳ್ಳಬೇಕಾದವನ ಇತಿಹಾಸ ಬೇರೆ ಥರ ಇರುತ್ತದೆ.

ಸಾಹಿತ್ಯ ಪರಿಷತ್ತಿನ ನಿಘಂಟು, ಎಂಟು ಸಂಪುಟ. ಹೆಚ್ಚುಕಡಿಮೆ ಅರ್ಧ ಶತಮಾನದ ಕೆಲಸ. ಅದರ ಉಲ್ಲೇಖಗಳನ್ನು ಕಥೆ ಓದಿದ ಹಾಗೆ ಓದು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಇಂಥ ಪಂಡಿತರಲ್ಲಿ ವಿಶ್ವವಿದ್ಯಾಲಯದ ನೌಕರಿಯಿಲ್ಲದೆ ಕೆಲಸ ಮಾಡಿದವರು ಎಷ್ಟೋ ಜನ: ಕಿಟೆಲ್ ಪಾದ್ರಿ, ವಿಜಯಪುರದ ಫ.ಗು. ಹಳಕಟ್ಟಿಯವರು ವಕೀಲರು. ವಚನದ ಓಲೆಗಳನ್ನು ಹುಡುಕಿ ಅವರು 1923ರಲ್ಲಿ 'ವಚನಶಾಸ್ತ್ರಸಾರ' ತಂದಾಗ ಅದಕ್ಕೆ ಯಾರೂ ಡಾಕ್ಟರೇಟ್ ಕೊಡಲಿಲ್ಲ.

ಈಗ ನಿನ್ನ ತಲೆಮಾರಿನ ವಿಷಯ. ಎಲ್ಲವೂ ಶೋಧಗಂಗಾ ಎಂಬ ಪ್ರಬಂಧಗಳ ಜಾಲತಾಣದಲ್ಲಿದೆ, ಮನೆಯಲ್ಲಿ ಕೂತೇ ಸಿಗುತ್ತದೆ ಎಂದು ಬರೆದಿದ್ದೀಯ. ಯುಜಿಸಿ 2009ರಲ್ಲಿ ನಿಯಮ ಮಾಡಿದ್ದರಿಂದ ಪ್ರಬಂಧಗಳು ಅಲ್ಲಿಗೆ ಸೇರುತ್ತಿವೆ, ಒಳ್ಳೆಯದೇ. ನನ್ನ ಮೊಮ್ಮಗ ತೋರಿಸಿದ್ದಾನೆ. ಆದರೆ ಹುಡುಕಾಟದ ಪೆಟ್ಟಿಗೆಯನ್ನು ನಂಬಬೇಡ. ಕನ್ನಡದ ಶೀರ್ಷಿಕೆಗಳನ್ನು ರೋಮನ್ ಅಕ್ಷರಗಳಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆದಿದ್ದಾರೆ. 'ಜಾನಪದ' ಎಂಬುದೊಂದನ್ನೇ ನಾಲ್ಕು ಕಾಗುಣಿತದಲ್ಲಿ ಹುಡುಕಬೇಕು. ಹಳೆಯ ಪ್ರಬಂಧಗಳು ಬರೀ ಚಿತ್ರಗಳು, ಒಳಗಿನ ಪದ ಸಿಗುವುದಿಲ್ಲ. ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ನಕಲು ಮಾಡಿ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಯಂತ್ರಕ್ಕೆ ಅದು ಕನ್ನಡವೇ ಅಲ್ಲ. ಪ್ರಮಾಣಪತ್ರ, ಅಧ್ಯಾಯ, ಅನುಬಂಧ ಎಂದು ಬೇರೆಬೇರೆ ಫೈಲುಗಳಾಗಿ ಇಟ್ಟಿರುತ್ತಾರೆ. ಜನ ಮೊದಲ ಎರಡು ಅಧ್ಯಾಯ ಇಳಿಸಿಕೊಂಡು ಹೊರಟುಬಿಡುತ್ತಾರೆ. ನೀನು ಕೊನೆಯ ಫೈಲು ಮೊದಲು ತೆರೆ.

ಅದರಲ್ಲಿ ವಕ್ತೃಗಳ, ಅಂದರೆ ಹಾಡು, ಕಥೆ ಹೇಳಿದವರ, ಪಟ್ಟಿ ಇರುತ್ತದೆ. ಹೆಸರು, ವಯಸ್ಸು, ಜಾತಿ, ವೃತ್ತಿ, ಊರು, ವಿದ್ಯಾಭ್ಯಾಸ. ವಿದ್ಯಾಭ್ಯಾಸದ ಕೆಳಗೆ ಮೊದಲ ಸಾಲಿನಲ್ಲಿ 'ಅನಕ್ಷರಸ್ಥೆ' ಎಂದು ಬರೆದು ಉಳಿದ ಸಾಲುಗಳಿಗೆಲ್ಲ 'ಮೇಲಿನಂತೆ' ಎಂಬ ಎರಡು ಚಿಕ್ಕ ಗೆರೆಗಳ ಗುರುತು ಹಾಕಿರುತ್ತಾರೆ, ಪುಟದ ಕೊನೆಯವರೆಗೆ.

ಹೇಳಬೇಕಾಗಿದ್ದ ಮಾತು ಇದು. ನನ್ನ ಕಥೆ ಅಚ್ಚಾದಾಗ ಒಬ್ಬ ಹಿರಿಯರು ಬೆನ್ನು ತಟ್ಟಿ, "ಎಮ್ಮೆ ಹಿಂಡಲು ಎದ್ದುಹೋಗುತ್ತಾಳಲ್ಲ, ಎಂಥ ಕಲ್ಪನೆ ಮಾರಾಯ!" ಎಂದರು. ನಾನು ನಕ್ಕೆ. ಅಲ್ಲ, ಅದು ಕಲ್ಪನೆಯಲ್ಲ ಎನ್ನಲಿಲ್ಲ. ಕಥೆ ಸಂಕಲನದಲ್ಲಿ ಮೂರು ಸಲ ಮರುಮುದ್ರಣವಾಯಿತು, ಮೂರು ಸಲವೂ ಮುನ್ನುಡಿಗೆ ಒಂದು ಸಾಲು ಸೇರಿಸಬಹುದಿತ್ತು. ಸಂಶೋಧಕರ ಹೆಸರು ಹೇಳಲಿಲ್ಲ, ಹಾಡಿದವಳದಂತೂ ಬರೆದುಕೊಂಡಿರಲೇ ಇಲ್ಲ. ನನ್ನ ಹಳೆಯ ನೋಟುಪುಸ್ತಕದಲ್ಲಿ ಹಾಡಿದೆ, ಊರಿದೆ, 'ವ. 62' ಎಂದಿದೆ. ಹೆಸರಿಲ್ಲ. ಆಗ ಅದು ಬೇಕೆನಿಸಿರಲಿಲ್ಲ.

ಈಗ ನಾಲ್ಕನೆಯ ಮುದ್ರಣದ ಮಾತು ನಡೆದಿದೆ. ಆ ಪ್ರಬಂಧ ನೀನು ಕೂರುವ ಗ್ರಂಥಾಲಯದಲ್ಲಿಯೇ ಇದೆ. ನಾನು ಓದಿದ್ದು ಅಲ್ಲಿಯೇ. ಶೀರ್ಷಿಕೆ, ಸಂಶೋಧಕರ ಹೆಸರು, ನನ್ನ ನೋಟುಪುಸ್ತಕದ ಆ ಪುಟ, ಮೂರನ್ನೂ ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಪೆನ್ನು ಬೇಡ, ಪೆನ್ಸಿಲ್ ತೆಗೆದುಕೊಂಡು ಹೋಗು. ವಕ್ತೃಗಳ ಪಟ್ಟಿಯಲ್ಲಿ ಆ ಊರಿನ ಮುಂದೆ, 62 ವರ್ಷ ಎಂದಿರುವ ಕಡೆ ನೋಡು. ಹೆಸರನ್ನು ಅಲ್ಲಿ ಹೇಗಿದೆಯೋ ಹಾಗೆಯೇ ಬರೆದು ಕಳಿಸು. 'ವ್ವ' ಇದ್ದರೆ 'ಮ್ಮ' ಮಾಡಬೇಡ. ಇಪ್ಪತ್ತನೆಯ ತಾರೀಖಿನೊಳಗೆ ಬಂದರೆ ಅಚ್ಚಿಗೆ ಸೇರುತ್ತದೆ.

ನಿನ್ನ ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು. ಹಗೇವನ್ನು ವಾಪಸ್ ಹಾಕು.

ನಿನ್ನ
ಸರ್