ನಾರ್ಮಲ್ ಅಂತ ಬಂದ ರಿಪೋರ್ಟು

ಲೆಸ್ಟರ್, ಇಂಗ್ಲೆಂಡ್
ಜುಲೈ, ಭಾನುವಾರ

ಪ್ರೀತಿಯ ಭಾಗ್ಯಕ್ಕನಿಗೆ,

ಇದನ್ನೆಲ್ಲ ಫೋನಿನಲ್ಲಿ ಹೇಳೋಕೆ ಆಗುವುದಿಲ್ಲ. ನೀನು ಸ್ಪೀಕರ್ ಹಾಕುತ್ತೀಯ, ಪಕ್ಕದಲ್ಲಿ ಚಿಕ್ಕಮ್ಮ ಕೂತಿರುತ್ತಾರೆ, ಮಳೆಗೆ ನೆಟ್‌ವರ್ಕ್ ಹೋಗುತ್ತದೆ. ಅಷ್ಟರಲ್ಲಿ ನೀನು ಅಳೋಕೆ ಶುರು ಮಾಡುತ್ತೀಯ. ಅದಕ್ಕೇ ಕಾಗದ. ನಿಧಾನವಾಗಿ ಓದು. ಅಮ್ಮನಿಗೆ ಓದಿ ಹೇಳುವಾಗ ಯಾವುದನ್ನು ಬಿಡಬೇಕು ಅಂತ ನಿನಗೇ ಗೊತ್ತು.

ಮೊದಲು ನನ್ನ ವಿಷಯ. ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಎರಡೂ ಮುಗಿದವು. ಚಿಕ್ಕಮ್ಮ 'ಕರೆಂಟ್ ಕೊಡೋದು' ಅನ್ನುತ್ತಾರಲ್ಲ, ಆ ರೇಡಿಯೇಷನ್ ಕೂಡ ಹೋದ ತಿಂಗಳು ಮುಗಿಯಿತು. ಕೂದಲು ಬರುತ್ತಿದೆ, ಅಪ್ಪನ ತಲೆಯ ಹಾಗೆ ಗುಂಗುರಾಗಿ. ಇನ್ನು ಮೇಲೆ ದಿನಾ ಮಾತ್ರೆ, ತಿಂಗಳಿಗೊಮ್ಮೆ ಹೊಟ್ಟೆಗೆ ಇಂಜೆಕ್ಷನ್. ಮಾತ್ರೆ ಐದು ವರ್ಷವಾದರೂ ತಗೋಬೇಕು, ಹತ್ತು ವರ್ಷವೂ ಆಗಬಹುದು. ಎಡಗೈ ಸ್ವಲ್ಪ ಊದಿಕೊಳ್ಳುತ್ತದೆ. ಕಂಕುಳಿನ ಗ್ರಂಥಿ ತೆಗೆದಿದ್ದಾರೆ ನೋಡು, ಅದಕ್ಕೆ. ಬಿಗಿಯಾದ ತೋಳುಚೀಲ ಕೊಟ್ಟಿದ್ದಾರೆ. ದುಡ್ಡಿನ ಚಿಂತೆ ಮಾಡಬೇಡಿ. ಇಲ್ಲಿ ಕ್ಯಾನ್ಸರ್ ಇರುವವರು ಮಾತ್ರೆಗೂ ದುಡ್ಡು ಕೊಡಬೇಕಿಲ್ಲ, 2009ರಿಂದ ಹಾಗೆ. ಇವರು ಅಡುಗೆ ಕಲಿತಿದ್ದಾರೆ. ಅಕ್ಕಿರೊಟ್ಟಿ ಇನ್ನೂ ಭಾರತದ ನಕ್ಷೆಯ ಆಕಾರಕ್ಕೇ ಬರುತ್ತದೆ, ಆದರೂ ತಿನ್ನಬಹುದು.

ಇನ್ನು ನಿನ್ನ ವಿಷಯ. ಹೋದ ವಾರ ನೀನು ಹೇಳಿದ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. 'ಮೈಸೂರಿಗೆ ಕರ್ಕೊಂಡು ಹೋದವಳು ನಾನೇ. ಸುಮ್ನೆ ಹೆದರ್ಕೊಂಡಿದ್ದೆ ನೋಡು ಅಂದವಳೂ ನಾನೇ' ಅಂದೆ. ಅಕ್ಕ, ಇದನ್ನು ನಿನ್ನ ತಲೆಯ ಮೇಲೆ ಹಾಕಿಕೊಳ್ಳೋದನ್ನು ಬಿಡು. ಸಮಾಧಾನಕ್ಕೆ ಹೇಳುತ್ತಿಲ್ಲ. ಕೀಮೋ ಕೊಡುವಾಗ ಕುರ್ಚಿಯಲ್ಲಿ ಗಂಟೆಗಟ್ಟಲೆ ಸುಮ್ಮನೆ ಕೂರಬೇಕು. ಆಗ ಇದನ್ನೇ ಓದಿದ್ದೇನೆ, ಡಾಕ್ಟರ್‌ಗಳನ್ನು ಪೀಡಿಸಿ ಕೇಳಿದ್ದೇನೆ. ನನಗೆ ಅರ್ಥವಾದದ್ದನ್ನು ಬರೆಯುತ್ತೇನೆ.

ಊರಿಗೆ ಬರುವ ಮುಂಚೆಯೇ ನಾನು ಇಲ್ಲಿ ಡಾಕ್ಟರ್ ಹತ್ತಿರ ಹೋಗಿದ್ದೆ. ಎಡಗಡೆ ಎದೆಯ ಒಂದು ಭಾಗ ದಪ್ಪ ಅನ್ನಿಸುತ್ತಿತ್ತು, ಭಾರ ಇತ್ತು. ಮೊಲೆತೊಟ್ಟು ಚೂರು ಒಳಗೆ ಎಳೆದ ಹಾಗೆ ಕಾಣುತ್ತಿತ್ತು. 'ಗಂಟು ಇದೆಯಾ?' ಅಂತ ಕೇಳಿದರು. ಇಲ್ಲ ಅಂದೆ, ಇರಲೂ ಇಲ್ಲ. ಕೈಯಿಂದ ನೋಡಿದರು. ಈ ವಯಸ್ಸಿಗೆ ಹಾರ್ಮೋನ್ ಏರುಪೇರು ಇರುತ್ತೆ, ಎರಡು ಮೂರು ತಿಂಗಳು ನೋಡಿ ಅಂದರು. ಆಮೇಲೆ ಡಿಸೆಂಬರ್‌ನಲ್ಲಿ ಊರಿಗೆ ಬಂದೆ. ಅರೇಬಿಕಾ ಕುಯ್ಲಿನ ಮಧ್ಯೆ ಕೆಲಸ ಬಿಟ್ಟು ನೀನು ನನ್ನ ಜೊತೆ ಹೊರಟೆ. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರಿಗೆ ಹೋಗಿ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಮಾಡಿಸಿದ್ದಾಯಿತು. ನಾರ್ಮಲ್ ಅಂತ ಬಂತು. ಮಸಾಲೆ ದೋಸೆ ತಿಂದು ವಾಪಸ್ ಬಂದೆವು. ಇಲ್ಲಿಗೆ ಬಂದು ಅದೇ ರಿಪೋರ್ಟನ್ನು ಡಾಕ್ಟರಿಗೆ ತೋರಿಸಿದೆ. ಅವರಿಗೂ ಸಮಾಧಾನವಾಯಿತು.

ಈಗ ಕೇಳು. ನನಗೆ ಬಂದದ್ದು ಲೋಬ್ಯುಲರ್ ಅನ್ನುವ ಜಾತಿ. ಸ್ತನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 10ರಿಂದ 15 ಈ ತರಹದ್ದು. ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಇಡುವ ಒಂದು ಪ್ರೋಟೀನ್ ಇದೆ, ಇ-ಕ್ಯಾಡ್ಹೆರಿನ್ ಅಂತ. ಸಾಮಾನ್ಯವಾಗಿ ಈ ಜಾತಿಯಲ್ಲಿ ಅದು ಇರುವುದಿಲ್ಲ. ಹಾಗಾಗಿ ಕೋಶಗಳು ಒಟ್ಟಾಗಿ ಗಂಟು ಕಟ್ಟದೆ ಒಂದರ ಹಿಂದೆ ಒಂದು ಸಾಲಾಗಿ ಹಬ್ಬುತ್ತವೆ. ಕೈಗೆ ಸಿಗುವುದಿಲ್ಲ. ಮ್ಯಾಮೊಗ್ರಾಂನಲ್ಲೂ ಬಹಳ ಸಲ ಕಾಣುವುದಿಲ್ಲ. ಇದರ ಜೊತೆಗೆ ನನ್ನ ಎದೆ ದಟ್ಟ. ಅಂದರೆ ಕೊಬ್ಬು ಕಡಿಮೆ, ಗ್ರಂಥಿ ಮತ್ತು ನಾರು ಜಾಸ್ತಿ. ಇದು ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ, ಚಿತ್ರ ತೆಗೆದರೆ ಮಾತ್ರ ಗೊತ್ತಾಗುವುದು. ದಟ್ಟ ಭಾಗವೂ ಬೆಳ್ಳಗೆ ಬರುತ್ತದೆ, ಕ್ಯಾನ್ಸರೂ ಬೆಳ್ಳಗೆ ಬರುತ್ತದೆ. ಆಷಾಢದ ಮಂಜಿನಲ್ಲಿ ಗದ್ದೆಯ ಕೊಕ್ಕರೆ ಹುಡುಕಿದ ಹಾಗೆ. ಮ್ಯಾಮೊಗ್ರಾಂ ಒಟ್ಟಾರೆ ಎಂಟು ಸ್ತನ ಕ್ಯಾನ್ಸರ್‌ಗಳಲ್ಲಿ ಒಂದನ್ನು ಬಿಟ್ಟುಬಿಡುತ್ತದೆ ಅಂತ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯವರೇ ಹೇಳುತ್ತಾರೆ. ದಟ್ಟ ಇದ್ದವರಲ್ಲಿ ಅದು ಇನ್ನೂ ಜಾಸ್ತಿ.

ಬೇಸಿಗೆಯಲ್ಲಿ ತೊಟ್ಟು ಪೂರ್ತಿ ಒಳಗೆ ಹೋದ ಮೇಲೆ ಬೇರೆ ಡಾಕ್ಟರ್ ನೋಡಿ ಅರ್ಜೆಂಟಾಗಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಆಗ ಇಲ್ಲಿ ತೆಗೆದ ಮ್ಯಾಮೊಗ್ರಾಂನಲ್ಲೂ ಏನೂ ದೊಡ್ಡದಾಗಿ ಕಾಣಲಿಲ್ಲ, ಗೊತ್ತಾ? ಅದೇ ದಿನ ಅಲ್ಟ್ರಾಸೌಂಡ್ ಮಾಡಿದರು, ಅದರಲ್ಲಿ ನೆರಳು ಕಂಡಿತು. ಸೂಜಿ ಹಾಕಿ ಚೂರು ತೆಗೆದು ಬಯಾಪ್ಸಿ ಪರೀಕ್ಷೆಗೆ ಕಳಿಸಿದರು. ಎಂಆರ್‌ಐ ಮಾಡಿದ ಮೇಲೆಯೇ ಎಷ್ಟು ದೊಡ್ಡದಿದೆ ಅಂತ ಗೊತ್ತಾಗಿದ್ದು. ಅಷ್ಟರಲ್ಲಿ ಕಂಕುಳಿಗೆ ಹೋಗಿತ್ತು.

ಮೈಸೂರಿನ ರಿಪೋರ್ಟನ್ನು ಮೊನ್ನೆ ಮತ್ತೆ ತೆಗೆದು ನೋಡಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇದೆ: ದಟ್ಟ, ಡಿ ದರ್ಜೆ (ಎ ಬಿ ಸಿ ಡಿಯಲ್ಲಿ ಡಿ ಅಂದರೆ ಎಲ್ಲಕ್ಕಿಂತ ದಟ್ಟ), ಅಲ್ಟ್ರಾಸೌಂಡ್ ಜೊತೆ ಹೋಲಿಸಿ ನೋಡುವುದು ಒಳ್ಳೆಯದು. ಬರೆದವರು ಸರಿಯಾಗಿಯೇ ಬರೆದಿದ್ದಾರೆ. ಕೌಂಟರಿನಲ್ಲಿ ಕವರ್ ಕೊಟ್ಟವರು 'ನಾರ್ಮಲ್ ಇದೆ ಮೇಡಂ' ಅಂದರು, ಅಷ್ಟೇ. ಇಲ್ಲಿಯ ಡಾಕ್ಟರೂ ಆ ಸಾಲಿನ ತನಕ ಹೋಗಲಿಲ್ಲ. ಅದನ್ನು ಓದಿ ಹೇಳುವುದು ನಿನ್ನ ಕೆಲಸ ಅಲ್ಲ, ನನ್ನ ಕೆಲಸವೂ ಅಲ್ಲ. ನಾವು ಗಾಡಿ ಮಾಡಿಕೊಂಡು, ದುಡ್ಡು ಕೊಟ್ಟು ಅಲ್ಲಿಗೆ ಹೋದದ್ದೇ ಗೊತ್ತಿರುವವರು ಹೇಳಲಿ ಅಂತ. ಅಮೆರಿಕದಲ್ಲಿ 2024ರ ಸೆಪ್ಟೆಂಬರ್‌ನಿಂದ ಎದೆ ದಟ್ಟವೋ ಅಲ್ಲವೋ ಅನ್ನುವುದನ್ನು ಮ್ಯಾಮೊಗ್ರಾಂ ಮಾಡಿದವರು ಹೆಂಗಸರಿಗೆ ಬರೆದು ತಿಳಿಸಲೇಬೇಕು ಅಂತ ನಿಯಮ ಬಂದಿದೆ. ನಮಗೂ ಯಾರಾದರೂ ಹೇಳಿದ್ದರೆ ಅವತ್ತೇ ಪಕ್ಕದ ರೂಮಿನಲ್ಲಿ ಸ್ಕ್ಯಾನ್ ಆಗುತ್ತಿತ್ತು. ನನಗೆ ಸಿಟ್ಟು ಬರುವುದು ಇಲ್ಲಿ.

'ಲಂಡನ್‌ನಲ್ಲಿದ್ದೂ ಗೊತ್ತಾಗ್ಲಿಲ್ವಂತಾ?' ಅಂತ ಚಿಕ್ಕಮ್ಮ ಕೇಳಿದರಂತೆ. (ನಾನಿರೋದು ಲಂಡನ್ ಅಲ್ಲ ಅಂತ ಹೇಳಿ ಹೇಳಿ ಸಾಕಾಯಿತು.) ಅವರಿಗೆ ಇಷ್ಟು ಹೇಳು. ಇಲ್ಲಿ ಸರ್ಕಾರದ ಕಡೆಯಿಂದ ಮ್ಯಾಮೊಗ್ರಾಂಗೆ ಕರೆಯುವುದು 50 ವರ್ಷದಿಂದ 71ರ ತನಕ, ಮೂರು ವರ್ಷಕ್ಕೊಮ್ಮೆ. ನನಗಿನ್ನೂ 46. ಇಲ್ಲಿನ ಡಾಕ್ಟರ್‌ಗಳಿಗೆ 2015ರಿಂದ ಒಂದು ಮಾರ್ಗಸೂಚಿ ಇದೆ. 30 ದಾಟಿದವರಿಗೆ ಗಂಟು ಇದ್ದರೆ ತಕ್ಷಣ ಕಳಿಸಿ ಅನ್ನುತ್ತದೆ. ಒಂದೇ ತೊಟ್ಟು ಒಳಗೆ ಎಳೆದಿದ್ದರೆ ಕಳಿಸಿ ಅನ್ನುವುದು 50 ದಾಟಿದವರಿಗೆ. ನನಗೆ ಗಂಟಿಲ್ಲ, 50 ಆಗಿಲ್ಲ. ಎರಡು ಸಾಲಿನ ನಡುವೆ ಬಿದ್ದೆ. ಆ ಡಾಕ್ಟರ್ ಮನಸ್ಸು ಮಾಡಿದ್ದರೆ ಆಗಲೂ ಕಳಿಸಬಹುದಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ಅದನ್ನು ನಾನು ಮರೆತಿಲ್ಲ.

ಶುರುವಿನಲ್ಲಿ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಯಾವ ತಿಂಗಳು ಕಂಕುಳಿಗೆ ಹೋಯಿತು ಅಂತ ಲೆಕ್ಕ ಹಾಕುವುದೇ ಕೆಲಸ. ಹುತ್ತರಿ ಹೊತ್ತಿಗೆ ಹೋಗಿತ್ತಾ? ನಾವು ದೋಸೆ ತಿನ್ನುವಾಗ? ಸರ್ಜನ್ ಹತ್ತಿರ ನೇರವಾಗಿ ಕೇಳಿದೆ. ಇದು ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುವ ಜಾತಿ, ನಿಮಗೆ ಭಾರ ಅನ್ನಿಸುವ ಎಷ್ಟೋ ಮುಂಚೆಯೇ ಶುರುವಾಗಿರುತ್ತದೆ, ಬೇಗ ಸಿಕ್ಕಿದ್ದರೆ ಏನು ತಪ್ಪುತ್ತಿತ್ತು ಅಂತ ನಾನು ಪ್ರಾಮಾಣಿಕವಾಗಿ ಹೇಳಲಾರೆ ಅಂದರು. ಮನೆಗೆ ಬಂದು ಅತ್ತೆ. ಏನೂ ವ್ಯತ್ಯಾಸ ಆಗುತ್ತಿರಲಿಲ್ಲ ಅಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅವರು ಸುಳ್ಳು ಹೇಳಲಿಲ್ಲ. ಅದೇ ಕಾರಣಕ್ಕೆ ಅವರ ಮೇಲೆ ನನಗೆ ನಂಬಿಕೆ.

ಸಿಟ್ಟಿಗೆ ಒಂದು ಕೆಲಸ ಬೇಕು ಅಕ್ಕ. ಇಲ್ಲದಿದ್ದರೆ ಅದು ಮನೆಯವರ ಮೇಲೆ ಹೋಗುತ್ತದೆ. ಮಗಳು ಲೋಟ ಬೀಳಿಸಿದರೆ ಕೂಗುತ್ತಿದ್ದೆ. ಕೊನೆಗೆ ನನ್ನ ಕಡತದ ಪ್ರತಿ ಕೇಳಿ ತರಿಸಿಕೊಂಡೆ. ಇಲ್ಲಿ ಅದು ನಮ್ಮ ಹಕ್ಕು, ದುಡ್ಡೂ ಇಲ್ಲ. ಮೊದಲ ಭೇಟಿಯ ಬಗ್ಗೆ 'ಎದೆ ನೋವು, ಗಂಟಿಲ್ಲ' ಅಂತ ಬರೆದಿದ್ದಾರೆ. ತೊಟ್ಟಿನ ವಿಷಯವೇ ಇಲ್ಲ. ದೂರು ಬರೆದೆ. ಉತ್ತರ ಬರೋಕೆ ವಾರಗಟ್ಟಲೆ ಆಯಿತು. ಕ್ಷಮೆ ಕೇಳಿದ್ದಾರೆ, ತೊಟ್ಟಿನ ಬದಲಾವಣೆಯನ್ನು ಬರೆದುಕೊಳ್ಳಬೇಕಿತ್ತು ಅಂತ ಒಪ್ಪಿದ್ದಾರೆ. ಆ ಒಂದು ಸಾಲು ಓದಿದ ದಿನ ಸರಿಯಾಗಿ ನಿದ್ದೆ ಮಾಡಿದೆ. ಕೇಸು ಹಾಕು ಅಂತ ಭಾವ ಹೇಳುತ್ತಿದ್ದಾರಲ್ಲ, ಗೊತ್ತಾದ ದಿನದಿಂದ ಮೂರು ವರ್ಷ ಅವಕಾಶ ಇದೆ. ಈಗ ನನಗೆ ಕೋರ್ಟಿಗೆ ಅಲೆಯುವ ಶಕ್ತಿ ಇಲ್ಲ. ಮುಂದಿನ ವರ್ಷ ಯೋಚನೆ ಮಾಡುತ್ತೇನೆ.

ಅಮ್ಮನದು ಬೇರೆಯೇ ಚಿಂತೆ. ನಾನು ನನ್ನ ಮಗಳಿಗೆ ಸಾಕಷ್ಟು ದಿನ ಹಾಲು ಕುಡಿಸಲಿಲ್ಲ, ಅದಕ್ಕೇ ಬಂತು ಅಂತ ಯಾರೋ ಅವಳ ತಲೆಗೆ ತುಂಬಿದ್ದಾರೆ. ಕುಡಿಸಿದರೆ ಅಪಾಯ ಸ್ವಲ್ಪ ಕಡಿಮೆ ಆಗುತ್ತದೆ, ನಿಜ. ಹಾಗಂತ ವರ್ಷಗಟ್ಟಲೆ ಕುಡಿಸಿದವರಿಗೂ ಬರುತ್ತದೆ. ಕೀಮೋ ವಾರ್ಡಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗುಜರಾತಿ ಹೆಂಗಸಿಗೆ ನಾಲ್ಕು ಮಕ್ಕಳು. ಅಮ್ಮ ಕುಕ್ಕೆಗೆ ಹರಕೆ ಹೊತ್ತಿದ್ದಾಳಂತೆ, ಹೊರಲಿ. ಆದರೆ ಮಳೆಗಾಲ ಮುಗಿಯುವ ತನಕ ಬಿಸಿಲೆ ಘಾಟಿಯಲ್ಲಿ ಅವಳನ್ನು ಕರೆದುಕೊಂಡು ಹೋಗಬೇಡಿ.

ಈಗ ನಿನಗೆ ಒಂದು ಕೆಲಸ. ನನ್ನ ರಕ್ತದ ಜೀನ್ ಪರೀಕ್ಷೆಯಲ್ಲಿ ದೋಷ ಏನೂ ಸಿಗಲಿಲ್ಲ, ಅದು ಒಳ್ಳೆಯ ಸುದ್ದಿ. ಆದರೂ ಒಡಹುಟ್ಟಿದವಳಿಗೆ ಬಂದಿದ್ದರೆ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟು. ನಿನಗೆ 52 ಆಯಿತು. ನಾಟಿ ಮುಗೀಲಿ ಅನ್ನುತ್ತೀಯ, ಆಮೇಲೆ ಶುಂಠಿ ಕೀಳಲಿ, ಆಮೇಲೆ ಕಾಫಿ ಕುಯ್ಲು. ತೋಟದ ಕೆಲಸ ಯಾವತ್ತು ಮುಗಿದಿದೆ ಹೇಳು? ಮಡಿಕೇರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮೊದಲು ಕೈಯಿಂದ ಪರೀಕ್ಷೆ ಮಾಡಿಸಿಕೋ, ಮ್ಯಾಮೊಗ್ರಾಂಗೆ ಬರೆಸಿಕೊಂಡು ಹಾಸನಕ್ಕೋ ಮೈಸೂರಿಗೋ ಹೋಗು. ರಿಪೋರ್ಟ್ ಬಂದ ಮೇಲೆ 'ದಟ್ಟ ಎಷ್ಟು, ಎ ಬಿ ಸಿ ಡಿಯಲ್ಲಿ ಯಾವುದು?' ಅಂತ ಬಾಯಿ ಬಿಟ್ಟು ಕೇಳು. ಸಿ ಅಥವಾ ಡಿ ಅಂದರೆ ಅಲ್ಟ್ರಾಸೌಂಡ್ ಕೂಡ ಮಾಡಿ ಅನ್ನು. ಏನಾದರೂ ಬದಲಾವಣೆ ಕಂಡು, ರಿಪೋರ್ಟ್ ನಾರ್ಮಲ್ ಬಂದು, ಆ ಬದಲಾವಣೆ ಹಾಗೇ ಇದ್ದರೆ ಮತ್ತೆ ಹೋಗು. ಬೈಸಿಕೊಂಡರೂ ಹೋಗು.

ಕೈಯಿಂದ ನೋಡೋದು ಏನು ಪ್ರಯೋಜನ ಅಂತ ನನ್ನ ಕಥೆ ಕೇಳಿ ಅನ್ನಿಸಬಹುದು. ಮುಂಬೈಯ ಟಾಟಾ ಮೆಮೋರಿಯಲ್‌ನವರು 1998ರಲ್ಲಿ ಒಂದು ಅಧ್ಯಯನ ಶುರು ಮಾಡಿದರು. ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ತರಬೇತಿ ಪಡೆದ ಹೆಂಗಸರೇ ಕೈಯಿಂದ ಪರೀಕ್ಷೆ ಮಾಡಿದರು. ಇಪ್ಪತ್ತು ವರ್ಷದ ಲೆಕ್ಕ 2021ರಲ್ಲಿ ಬಂತು. 50 ದಾಟಿದವರಲ್ಲಿ ಈ ಕ್ಯಾನ್ಸರ್‌ನಿಂದ ಸಾಯುವುದು ನೂರಕ್ಕೆ ಸುಮಾರು 30 ಕಡಿಮೆಯಾಗಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಅಂಥ ಲಾಭ ಕಾಣಲಿಲ್ಲ. ಮೆಷಿನ್ನೇ ಇಲ್ಲದೆ ಇಷ್ಟು ಆಗುತ್ತದೆ ಅಂದರೆ ಸಣ್ಣ ಮಾತಲ್ಲ. ಕುಯ್ಲಿಗೆ ಬರುವ ಹೆಂಗಸರಿಗೂ ಹೇಳು. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆ ಮಾಡಬೇಕು ಅಂತ ಕಾರ್ಯಕ್ರಮವೇ ಇದೆ, ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಏನಾದರೂ ಸಿಕ್ಕರೆ ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಕೂಲಿ ಹೋಗುತ್ತೆ ಅಂತ ಅವರು ಹೋಗುವುದಿಲ್ಲ. ಆ ದಿನದ ಕೂಲಿ ನಾವೇ ಕೊಟ್ಟರೆ ಆಯಿತು, ಭಾವನನ್ನು ಒಪ್ಪಿಸು.

ನಿನ್ನ ಅಕೌಂಟಿಗೆ ದುಡ್ಡು ಹಾಕಿದ್ದೇನೆ. ಟ್ರ್ಯಾಕ್ಟರ್ ಕಂತಿಗಲ್ಲ, ಸ್ಕ್ಯಾನಿಂಗಿಗೆ. ಮಳೆಯಲ್ಲಿ ಬಸ್ಸು ಬೇಡ, ಗಾಡಿ ಮಾಡಿಕೊಂಡು ಹೋಗು. ರಿಪೋರ್ಟಿನ ಎಲ್ಲ ಪುಟಗಳ ಫೋಟೋ ತೆಗೆದು ನನಗೆ ಕಳಿಸು, ಹಿಂದಿನ ಪುಟ ಕೂಡ. ಊರಿಗೆ ಯಾವಾಗ ಅಂತ ಈಗಲೇ ಕೇಳಬೇಡ, ಸೆಪ್ಟೆಂಬರ್ ಚೆಕಪ್ ಆದ ಮೇಲೆ ಹೇಳುತ್ತೇನೆ.

ಭಾವನಿಗೆ, ಚಿಕ್ಕಮ್ಮನಿಗೆ ನಮಸ್ಕಾರ. ಮಕ್ಕಳಿಗೆ ಪ್ರೀತಿ.

ನಿನ್ನ ತಂಗಿ,
ಸುಮಾ