ನನ್ನ ಚಾಕು ಕೊಯ್ದದ್ದು ಸುತಳಿ, ಉಳ್ಳಾಗಡ್ಡಿ, ಒಂದು ಸೆರಗು

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪತ್ರಗಳ ಜಾಗದಲ್ಲಿ ಹುಬ್ಬಳ್ಳಿಯವರೊಬ್ಬರು ಬರೆದಿದ್ದರು. ಮಡಚುವ ಚಾಕು ಜೇಬಿನಲ್ಲಿಟ್ಟುಕೊಂಡು ತಿರುಗುವವರನ್ನೆಲ್ಲ ಒಳಗೆ ಹಾಕಬೇಕು, ಕಾಯಿಪಲ್ಯ ಹೆಚ್ಚುವ ಚಾಕು ಅಡುಗೆಮನೆಯಲ್ಲಿ ಇರುತ್ತದೆ, ಬೀದಿಯಲ್ಲಿ ಚಾಕುವಿಗೆ ಏನು ಕೆಲಸ ಅಂತ. ನಾನು ಅದನ್ನು ಓದಿದ್ದು ನಮ್ಮೂರ ಚಹಾದಂಗಡಿಯಲ್ಲಿ. ಅಂಗಡಿಯವನು ಪೇಪರ್ ಬಂಡಲ್ಲಿನ ಪ್ಲಾಸ್ಟಿಕ್ ಪಟ್ಟಿಯನ್ನು ಹಲ್ಲಿನಿಂದ ಎಳೆಯುತ್ತಿದ್ದ, ಬಿಡಪ್ಪಾ ಅಂತ ನಾನೇ ಜೇಬಿನಿಂದ ಚಾಕು ತೆಗೆದು ಕೊಯ್ದು ಕೊಟ್ಟಿದ್ದೆ. ಅಂದರೆ ನನ್ನನ್ನು ಒಳಗೆ ಹಾಕಿ ಅನ್ನುವ ಪತ್ರವನ್ನು ನನ್ನ ಚಾಕುವೇ ಬಿಚ್ಚಿ ಕೊಟ್ಟಿತ್ತು!

ಅವರ ಸಿಟ್ಟು ಸುಮ್ನೆ ಬಂದದ್ದಲ್ಲ, ಅದು ನನಗೂ ಗೊತ್ತು. 2024ರ ಏಪ್ರಿಲ್‌ನಲ್ಲಿ ಒಂದು, ಮೇ ತಿಂಗಳಲ್ಲಿ ಇನ್ನೊಂದು, ಹುಬ್ಬಳ್ಳಿಯಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಚಾಕುವಿನಿಂದ ಇರಿದು ಕೊಂದರು. ಆಗ ನನ್ನ ಮಗಳು ಧಾರವಾಡದಲ್ಲಿ ಓದುತ್ತಿದ್ದಳು. ಅವಳ ಫೋನ್ ಎರಡು ಸಲ ರಿಂಗಾಗಿ ಎತ್ತದಿದ್ದರೆ ನನ್ನ ಹೆಂಡತಿ ಊಟ ಬಿಟ್ಟು ಕೂಡುತ್ತಿದ್ದಳು. ಆ ದಿನಗಳಲ್ಲಿ ಜೇಬಿಗೆ ಕೈ ಹಾಕಿ ಚಾಕು ತಾಗಿದರೆ ನನಗೇ ಒಂಥರಾ ಆಗುತ್ತಿತ್ತು. ಎರಡು ತಿಂಗಳು ಮನೆಯಲ್ಲೇ ಬಿಟ್ಟು ಓಡಾಡಿದೆ. ಕೆಲಸ ನಿಲ್ಲುತ್ತದೆಯೇ? ಶೇವಿಂಗ್ ಬ್ಲೇಡನ್ನು ಅರ್ಧ ಮುರಿದು ಕಾಗದದಲ್ಲಿ ಸುತ್ತಿ ಇಟ್ಟುಕೊಂಡೆ. ಒಂದು ದಿನ ಪೈಪ್ ಕೊಯ್ಯುವಾಗ ಬ್ಲೇಡ್ ಬಾಗಿ ಹೆಬ್ಬೆರಳಿಗೇ ಹೋಯಿತು, ಮೂರು ಹೊಲಿಗೆ. ಮರುದಿನದಿಂದ ಚಾಕು ವಾಪಸ್ ಜೇಬಿಗೆ ಬಂತು.

ನಾನು ಬ್ಯಾಡಗಿ ತಾಲ್ಲೂಕಿನವನು, ಹೊಲಗಳಲ್ಲಿ ಡ್ರಿಪ್ (ಹನಿ ನೀರಾವರಿ) ಪೈಪ್ ಫಿಟ್ಟಿಂಗ್ ಮಾಡುತ್ತೇನೆ, ಹತ್ತೊಂಬತ್ತು ವರ್ಷ ಆಯಿತು. ನನ್ನ ಚಾಕುವಿನ ಅಲಗು ನಾಲ್ಕು ಇಂಚು, ಬಿಚ್ಚಿದರೆ ಹಿಡಿಕೆ ಸೇರಿ ಸರಿಯಾಗಿ ಒಂದು ಗೇಣು. ದೊಡ್ಡದೇ. ಸಣ್ಣದು ಸಾಲದೇನ್ರೀ ಅಂತ ಎಷ್ಟೋ ಜನ ಕೇಳಿದ್ದಾರೆ. ಕೀ ಚೈನಿಗೆ ಹಾಕುವ ಎರಡಿಂಚಿನ ಚಾಕು ನನ್ನ ಹತ್ತಿರವೂ ಇತ್ತು. ಬೆಳೆಯ ಸಾಲಿನುದ್ದಕ್ಕೂ ಹಾಸುವ 16 ಎಂಎಂ ಲ್ಯಾಟರಲ್ ಪೈಪನ್ನು ಅದರಲ್ಲಿ ಕೊಯ್ದು ನೋಡಿ. ಒಂದೇ ಸಲಕ್ಕೆ ಆಗುವುದಿಲ್ಲ, ಗರಗಸದ ಹಾಗೆ ಹಿಂದೆ ಮುಂದೆ ಆಡಿಸಬೇಕು, ಅಷ್ಟರಲ್ಲಿ ಪೈಪಿನ ಬಾಯಿ ಓರೆಯಾಗಿರುತ್ತದೆ. ಓರೆ ಬಾಯಿಗೆ ಕನೆಕ್ಟರ್ ಸರಿಯಾಗಿ ಕೂರುವುದಿಲ್ಲ, ಮೋಟರ್ ಚಾಲೂ ಮಾಡಿದ ಮೇಲೆ ಅಲ್ಲಿಂದಲೇ ನೀರು ಚಿಮ್ಮುತ್ತದೆ, ರೈತ ನನ್ನ ಮುಖ ನೋಡುತ್ತಾನೆ. ಉದ್ದ ಅಲಗಾದರೆ ಪೈಪನ್ನು ಕಟ್ಟಿಗೆ ತುಂಡಿನ ಮೇಲಿಟ್ಟು ಒಂದೇ ಸಲ ಒತ್ತಿದರೆ ನೆಟ್ಟಗೆ ಬೀಳುತ್ತದೆ. ಇನ್ನೊಂದು, ಕೈಯಲ್ಲಿ ಕೆಸರು ಇರುವಾಗ ಸಣ್ಣ ಹಿಡಿಕೆ ಜಾರುತ್ತದೆ. ನಾಲ್ಕೂ ಬೆರಳು ಕೂತುಕೊಳ್ಳುವ ಹಿಡಿಕೆ ಬೇಕು ಅಂದರೆ ಚಾಕು ದೊಡ್ಡದೇ ಆಗಬೇಕು.

ಲಾಕ್ ಇರಲೇಬೇಕು. ಲಾಕ್ ಇಲ್ಲದ ಚಾಕುವಿನ ತುದಿಗೆ ಸ್ವಲ್ಪ ಭಾರ ಬಿತ್ತೋ, ಅಲಗು ತಿರುಗಿ ನಮ್ಮ ಬೆರಳ ಮೇಲೆಯೇ ಮಡಚಿಕೊಳ್ಳುತ್ತದೆ. ಫ್ರಾನ್ಸಿನಲ್ಲಿ ಒಪಿನೆಲ್ ಅಂತ ಮರದ ಹಿಡಿಕೆಯ ಚಾಕು ಇದೆ, 1890ರಿಂದ ಮಾಡುತ್ತಾರೆ, ಅಲ್ಲಿಯ ರೈತರ ಜೇಬಿನ ಚಾಕು. ಅದರ ಕುತ್ತಿಗೆಯಲ್ಲಿ ಒಂದು ಉಕ್ಕಿನ ಉಂಗುರ, ಅಲಗು ಬಿಚ್ಚಿ ಉಂಗುರ ತಿರುಗಿಸಿದರೆ ಮತ್ತೆ ಮಡಚುವುದಿಲ್ಲ. ಆ ಉಂಗುರ ಸೇರಿಸಿದ್ದು 1955ರಲ್ಲಿ. ಅಂದರೆ ಅಲ್ಲಿಯವರೂ ಅರವತ್ತೈದು ವರ್ಷ ಉಂಗುರ ಇಲ್ಲದೆಯೇ ಬೆರಳು ಉಳಿಸಿಕೊಂಡಿದ್ದರು. ನನ್ನದು ಅದೇ ಮಾದರಿಯದು, ಹುಬ್ಬಳ್ಳಿಯಲ್ಲಿ ಕೊಂಡದ್ದು, ಕಂಪನಿ ಹೆಸರೂ ಇಲ್ಲ. ನಮ್ಮಲ್ಲಿ ಮಡಚುವ ಚಾಕು ಅಂದ ತಕ್ಷಣ ಜನರಿಗೆ ನೆನಪಾಗುವುದು ರಾಂಪುರಿ, ಅದೂ ಹಳೆ ಹಿಂದಿ ಸಿನಿಮಾದ ವಿಲನ್ ಟಕ್ ಅಂತ ಬಿಚ್ಚುವುದು. ನನ್ನ ಚಾಕು ಟಕ್ ಅನ್ನುವುದಿಲ್ಲ. ಎರಡೂ ಕೈ ಬೇಕು, ಅಲಗಿನ ಗೀರಿಗೆ ಉಗುರು ಸಿಕ್ಕಿಸಿ ಎಳೆಯಬೇಕು, ಆಮೇಲೆ ಉಂಗುರ ತಿರುಗಿಸಬೇಕು, ಮಳೆಗಾಲದಲ್ಲಿ ಹಿಡಿಕೆಯ ಕಟ್ಟಿಗೆ ನೀರು ಕುಡಿದು ಉಬ್ಬಿದರೆ ಅದೂ ಆಗುವುದಿಲ್ಲ. ಇಂಥದ್ದನ್ನು ಜಗಳಕ್ಕೆ ಒಯ್ಯುವವನು ಬಿಚ್ಚುವುದರೊಳಗೆ ಎದುರಿನವನು ಮನೆ ಮುಟ್ಟಿರುತ್ತಾನೆ.

ಇನ್ನು ಚೀಲಗಳ ವಿಷಯ. ಮೆಣಸಿನಕಾಯಿ ಸೀಜನ್‌ನಲ್ಲಿ ನಮ್ಮ ಬ್ಯಾಡಗಿ ಪೇಟೆಗೆ ಬಂದು ನೋಡಿ, ಎಲ್ಲಿ ನೋಡಿದರೂ ಗೋಣಿಚೀಲ, ಎಲ್ಲ ದಬ್ಬಣ ಸುತಳಿಯಲ್ಲಿ ಕೈಯಿಂದ ಹೊಲಿದದ್ದು. ಅದನ್ನು ಬಿಚ್ಚುವಾಗ ಚೀಲ ಹರಿಯಬಾರದು, ಖಾಲಿ ಚೀಲಕ್ಕೂ ರೇಟ್ ಇದೆ. ಅಲಗಿನ ತುದಿಯನ್ನು ಸುತಳಿಯ ಕೆಳಗೆ ತೂರಿಸಿ, ಅಲಗಿನ ಬಾಯಿ (ಹರಿತದ ಕಡೆ) ಮೇಲೆ ಮಾಡಿ, ಹೊಲಿಗೆ ಹೊಲಿಗೆ ಎತ್ತಬೇಕು. ಗೊಬ್ಬರದ ಚೀಲ ಹಾಗಲ್ಲ. 45 ಕಿಲೋ ಯೂರಿಯಾ ಚೀಲದ ಬಾಯಿಗೆ ಮಶೀನ್ ಹೊಲಿಗೆ ಇರುತ್ತದೆ, ಅದಕ್ಕೆ ಚಾಕು ಬೇಕಾಗಿರುವುದು ಒಂದೇ ಕಡೆ, ತುದಿಯಲ್ಲಿ. ಸರಿಯಾದ ತುದಿ ಹಿಡಿದು ದಾರ ಕೊಯ್ದು ಎಳೆದರೆ ಪೂರಾ ಹೊಲಿಗೆ ಸರ್ ಅಂತ ಬಿಚ್ಚಿ ಬರುತ್ತದೆ. ಆ ತುದಿಯಿಂದ ಬರಲಿಲ್ಲವೋ, ಇನ್ನೊಂದು ತುದಿಯಿಂದ ಬರುತ್ತದೆ. ಎಷ್ಟೋ ರೈತರು ಇದು ಗೊತ್ತಿಲ್ಲದೆ ಕುಡಗೋಲಿನಿಂದ ಚೀಲದ ಹೊಟ್ಟೆ ಸೀಳಿ, ಉಳಿದ ಗೊಬ್ಬರ ಎಲ್ಲಿ ಇಡುವುದು ಅಂತ ಹುಡುಕುತ್ತಾರೆ.

ಗಾಡಿಗೆ ಲೋಡ್ ಹಾಕಿದ ಮೇಲೆ ಹಗ್ಗದ ತುದಿ ಕೊಯ್ಯುವುದು, ತಾಡಪತ್ರಿಗೆ ತೂತು ಮಾಡುವುದು, ಕೇಬಲ್ ಸುಲಿಯುವುದು, ಬಾಕ್ಸ್ ಬಿಚ್ಚುವುದು, ಇದೆಲ್ಲ ಹೇಳುತ್ತಾ ಹೋದರೆ ನಿಮ್ಮ ಪೇಪರ್ ಸಾಲದು. ಆದರೆ ಮಧ್ಯಾಹ್ನದ ಊಟದ ಬಗ್ಗೆ ಹೇಳದೆ ಬಿಡುವುದಿಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಹೊಲದಲ್ಲೇ ಕಿತ್ತ ಸವತಿಕಾಯಿ, ಒಂದು ಉಳ್ಳಾಗಡ್ಡಿ. ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ತಿನ್ನುವವರಿದ್ದಾರೆ, ನನ್ನ ಅಪ್ಪನೂ ಹಾಗೇ. ನನಗೆ ತೆಳ್ಳಗೆ ಹೆಚ್ಚಿ ಬೇಕು. ಬೇಸಿಗೆಯಲ್ಲಿ ದಾರಿಯಲ್ಲಿ ಕಲ್ಲಂಗಡಿ ಕೊಂಡರೆ ನಾಲ್ಕಿಂಚಿನ ಅಲಗು ಇದ್ದವನೇ ರಾಜ, ಸುತ್ತಲೂ ಒಂದು ಗೀರು ಕೊಯ್ದು ಎರಡು ಕೈಯಿಂದ ತಿರುವಿದರೆ ಎರಡು ಹೋಳು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಅಂತಾರೆ. ಎಣ್ಣೆ ಪೊಟ್ಟಣ ಕೊಯ್ದ ಚಾಕುವಿನಿಂದ ಉಳ್ಳಾಗಡ್ಡಿ ಹೆಚ್ಚುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಲುಂಗಿಗೆ ಒಂದು ಸಲ ಒರೆಸಿದರೆ ಆಯಿತು ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಮಡಚುವ ಚಾಕುವಿನಲ್ಲಿ ಪುಡಿ ಕೀಲಿನ ಸಂದಿಯೊಳಗೆ, ಹಿಡಿಕೆಯ ಸೀಳಿನೊಳಗೆ ಹೋಗಿ ಕೂರುತ್ತದೆ, ತೊಳೆದರೂ ಪೂರಾ ಬರುವುದಿಲ್ಲ. ನಾನು ಔಷಧಿ ಪೊಟ್ಟಣಕ್ಕೆ ಅಂತಲೇ ಹಳೆ ಕತ್ತರಿ ಒಂದನ್ನು ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ, ಹಿಡಿಕೆಗೆ ಕೆಂಪು ಟೇಪ್ ಸುತ್ತಿ. ಜೇಬಿನ ಚಾಕುವನ್ನು ಅದರ ಹತ್ತಿರವೂ ಒಯ್ಯುವುದಿಲ್ಲ.

ಎಣ್ಣೆ ಅಂದ ಮೇಲೆ ಇನ್ನೊಂದು ನೆನಪಾಯಿತು. ಕೀಲು ಬಿಗಿಯಾಗಿದೆ ಅಂತ ಒಮ್ಮೆ ಅಡುಗೆಮನೆಯ ಶೇಂಗಾ ಎಣ್ಣೆ ಬಿಟ್ಟೆ. ಒಂದು ವಾರ ಚೆನ್ನಾಗಿತ್ತು, ಆಮೇಲೆ ಅಂಟಂಟಾಗಿ ಧೂಳು ಹಿಡಿದು ಬೆಲ್ಲದ ಪಾಕದ ಹಾಗೆ ಆಯಿತು, ಇರುವೆ ಬೇರೆ. ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಬಿಸಿನೀರಿನಲ್ಲಿ ತೊಳೆದು ಒಣಗಿಸಿದೆ. ಈಗ ಹೊಲಿಗೆ ಮಶೀನಿನ ಎಣ್ಣೆ ಒಂದೇ ಹನಿ, ಹೆಚ್ಚಾದದ್ದನ್ನು ಒರೆಸಿಬಿಡುತ್ತೇನೆ. ಅಲಗು ಸಾದಾ ಉಕ್ಕಿನದಾದರೆ ಉಳ್ಳಾಗಡ್ಡಿ, ಮಾವಿನಕಾಯಿ ಹೆಚ್ಚಿ ಹೆಚ್ಚಿ ಕರ್ರಗಾಗುತ್ತದೆ. ಅದಕ್ಕೆ ಹೆದರಬೇಡಿ, ಕಪ್ಪು ಇದ್ದರೆ ಇರಲಿ, ಕೆಂಪಗಾದರೆ ಅದು ತುಕ್ಕು.

ಈಗ ಆ ಸೆರಗಿನ ವಿಷಯ. ಎರಡು ವರ್ಷದ ಹಿಂದೆ ಹಾವೇರಿಯಿಂದ ವಾಪಸ್ ಬರುವಾಗ, ನನ್ನ ಜೊತೆ ಕೆಲಸದ ಹುಡುಗ ಇದ್ದ. ಮುಂದೆ ಹೋಗುತ್ತಿದ್ದ ಬೈಕ್ ಒಮ್ಮೆಲೇ ಓಲಾಡಿ ಬಿತ್ತು. ಹಿಂದೆ ಕೂತಿದ್ದ ಅಕ್ಕನ ಸೆರಗು ಹಿಂದಿನ ಗಾಲಿಗೆ ಸುತ್ತಿಕೊಂಡಿತ್ತು. ಕುತ್ತಿಗೆಯ ಸುತ್ತ ಹಾಕಿಕೊಂಡಿದ್ದರು ಕಾಣುತ್ತದೆ, ಬಟ್ಟೆ ಹಗ್ಗದ ಹಾಗೆ ಬಿಗಿದಿತ್ತು. ಗಂಡ ಗಾಲಿ ತಿರುಗಿಸಲು ನೋಡಿದರು, ಅದು ಇನ್ನೂ ಬಿಗಿಯಾಯಿತು. ನಮ್ಮ ಹುಡುಗ ಅವರ ತಲೆ ಗಾಲಿಯ ಕಡೆ ಸರಿಸಿ ಹಿಡಿದ, ಸ್ವಲ್ಪ ಸಡಿಲ ಸಿಕ್ಕಿತು. ನಾನು ಎಡಗೈ ಎರಡು ಬೆರಳು ಬಟ್ಟೆಯ ಒಳಗೆ ತೂರಿಸಿದೆ, ಅಲಗಿನ ಬೆನ್ನು ನನ್ನ ಬೆರಳಿಗೆ, ಬಾಯಿ ಹೊರಗೆ, ಒಂದೇ ಸಲ ಹೊರಗಡೆ ಎಳೆದೆ. ಪಾಲಿಯೆಸ್ಟರ್ ಸೀರೆ, ಬಿಗಿದಿದ್ದರಿಂದಲೇ ಚರ್ ಅಂತ ಹರಿಯಿತು. ಅಕ್ಕ ಕೆಮ್ಮುತ್ತಾ ಕೂತರು, ಕುತ್ತಿಗೆಯ ಮೇಲೆ ಕೆಂಪು ಬರೆ. ನೀರು ಕುಡಿದ ಮೇಲೆ ಮೊದಲು ಕೇಳಿದ್ದು, "ಅಣ್ಣಾರ, ಸೀರಿ ಪೂರಾ ಹೋತೇನ್ರೀ?" ಅಂತ. ಹೊಸ ಸೀರೆಯಂತೆ, ತಂಗಿ ಮದುವೆಗೆ ತಗೊಂಡದ್ದು. ಅಲ್ಲಿ ಹತ್ತು ಹದಿನೈದು ಜನ ಸೇರಿದ್ದರು, ಒಬ್ಬರ ಹತ್ತಿರವೂ ಕೊಯ್ಯುವ ವಸ್ತು ಇರಲಿಲ್ಲ. ಬೀದಿಯಲ್ಲಿ ಚಾಕುವಿಗೆ ಏನು ಕೆಲಸ ಅಂತ ಕೇಳಿದ ಓದುಗರಿಗೆ ಇದನ್ನು ಹೇಳಬೇಕು ಅನ್ನಿಸಿತು.

ಹಾಗಂತ ಎಲ್ಲ ಕಡೆ ಚಾಕು ಒಯ್ಯಬಹುದು ಅಂತ ನಾನು ಹೇಳುತ್ತಿಲ್ಲ. ಕಾನೂನಿನಲ್ಲಿ ಅಳತೆ ಇದೆ. ಆಯುಧ ಕಾಯ್ದೆ 1959ರದ್ದು, ಅದರ ನಿಯಮಗಳಲ್ಲಿರುವ ಆಯುಧಗಳ ಪಟ್ಟಿಯಲ್ಲಿ ಕತ್ತಿ, ಕಠಾರಿ ಜೊತೆ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚಾಕುಗಳು, ಅದರಲ್ಲೂ ಮನೆಗೆಲಸ, ಕೃಷಿ, ಕೈಗಾರಿಕೆಗೆ ಅಂತ ಮಾಡಿದ್ದನ್ನು ಬಿಟ್ಟಿದ್ದಾರೆ. ನನ್ನ ನಾಲ್ಕಿಂಚು ಅದರ ಅರ್ಧವೂ ಅಲ್ಲ. ಆದರೆ ಅಳತೆ ಕಡಿಮೆ ಇದೆ ಅಂತ ಜಾತ್ರೆಯಲ್ಲಿ, ಮೆರವಣಿಗೆಯಲ್ಲಿ ಇಟ್ಟುಕೊಂಡು ಹೋಗುವುದು ದಡ್ಡತನ. ನಿಷೇಧಾಜ್ಞೆ ಹಾಕಿದಾಗ (ಹಿಂದೆ 144 ಅನ್ನುತ್ತಿದ್ದೆವಲ್ಲ, 2024ರ ಜುಲೈ 1ರಿಂದ ಹೊಸ ಕಾನೂನಿನಲ್ಲಿ ಅದು 163) ಆಯುಧ ಹಿಡಿದು ಓಡಾಡಬಾರದು ಅಂತ ಸಾಮಾನ್ಯವಾಗಿ ಬರೆದಿರುತ್ತಾರೆ, ಆಗ ಪೊಲೀಸರ ಮುಂದೆ ಇಂಚುಪಟ್ಟಿ ಹಿಡಿದು ವಾದ ಮಾಡಲು ಆಗುತ್ತದೆಯೇ? ಹುಬ್ಬಳ್ಳಿಯ ರಂಗಪಂಚಮಿಗೆ ಹೋದರೆ ನನ್ನ ಚಾಕು ಮನೆಯ ಕಪಾಟಿನಲ್ಲಿ. ವಿಮಾನದಲ್ಲಿ ಹೋಗುವವರು ಕೈಚೀಲದಲ್ಲಿ ಇಡಬಾರದು, ಚೆಕ್-ಇನ್ ಬ್ಯಾಗಿನಲ್ಲಿ ಹಾಕಬೇಕು. ಬಸ್ಸಿನಲ್ಲಿ ಪೇರಲ ಕೊಯ್ಯಲು ಬಿಚ್ಚಬಾರದು, ಡ್ರೈವರ್ ಬ್ರೇಕ್ ಹಾಕಿದರೆ ಯಾರ ಹೊಟ್ಟೆಗೋ. ಯಾರಾದರೂ ಕೇಳಿದರೆ ಮಡಚಿಯೇ ಕೊಡಬೇಕು.

ಕೊನೆಗೆ ನನ್ನ ಒಂದು ದೂರು. ಸಬ್ಸಿಡಿ ಅರ್ಜಿ ಕೊಡಲು ಒಂದು ಕಚೇರಿಗೆ ಹೋಗಿದ್ದೆ, ಯಾವುದು ಅಂತ ಬೇಡ. ಗೇಟಿನಲ್ಲಿ ತಡೆದರು. "ಇದೇನ್ರೀ, ಆಯುಧ ತಗೊಂಡ ಒಳಗ ಹೊಂಟೀರಿ?" ಅಂದರು. ನಾನೂ ಅದು ಜೇಬಿನಲ್ಲಿದ್ದದ್ದೇ ಮರೆತಿದ್ದೆ, ತಪ್ಪು ನನ್ನದೇ ಅಂತ ಒಪ್ಪಿ ಕೊಟ್ಟು ಹೋದೆ. ಒಳಗೆ ಮೂರು ತಾಸು. ಹೊರಗೆ ಬಂದು ಚಾಕು ಇಸಿದುಕೊಂಡರೆ ತುದಿ ಮುರಿದಿದೆ! ಪಕ್ಕದಲ್ಲಿ ಪೇಂಟಿನ ಡಬ್ಬಿ, ಮುಚ್ಚಳ ಎಬ್ಬಿಸಿದ ಗುರುತು, ಹೊಸ ನೀಲಿ ಬಣ್ಣ ನನ್ನ ಅಲಗಿನ ಮೇಲೆ. ಚಾಕು ಕೊಯ್ಯುವುದಕ್ಕೆ ರೀ, ಮೀಟುವುದಕ್ಕೆ ಅಲ್ಲ. ತೆಳ್ಳಗಿನ ತುದಿ ಅಡ್ಡ ಭಾರ ತಡೆಯುವುದಿಲ್ಲ. ಸಾಣೆ ಹಿಡಿಯುವವನ ಹತ್ತಿರ ಹೋಗಿ ಬೆನ್ನಿನ ಕಡೆಯಿಂದ ತೇಯಿಸಿ ಹೊಸ ತುದಿ ಮಾಡಿಸಿದೆ, ಬಾಯಿಯ ಕಡೆ ಮುಟ್ಟಿಸಲಿಲ್ಲ. ಎರಡು ಸಲ ತೇಯ್ದರೆ ಒಂದು ಸಲ ನೀರಿಗೆ ಅದ್ದು ಅಂತ ಪಕ್ಕದಲ್ಲೇ ನಿಂತೆ, ಕಾದು ನೀಲಿಗಟ್ಟಿದರೆ ಉಕ್ಕಿನ ಹದ ಹೋಗುತ್ತದೆ. ಅಲಗು ಅರ್ಧ ಇಂಚು ಗಿಡ್ಡ ಆಗಿ ಈಗಿನ ನಾಲ್ಕು ಇಂಚಿಗೆ ಇಳಿಯಿತು.

ಗೇಟಿನಲ್ಲಿ ಚಾಕು ತೆಗೆದಿಟ್ಟುಕೊಳ್ಳುವುದು ಬೇಡ ಅಂತ ನಾನು ಹೇಳುವುದಿಲ್ಲ, ಇಟ್ಟುಕೊಳ್ಳಲಿ. ಚಪ್ಪಲಿ ಬಿಡುವ ಕಡೆ ಕೊಡುವ ಹಾಗೆ ಒಂದು ಟೋಕನ್ ಕೊಡಲಿ, ಡ್ರಾಯರ್‌ನಲ್ಲಿ ಹಾಕಿ ಕೀಲಿ ಹಾಕಲಿ, ಯಾರಿಗೆ ಯಾವ ಕೆಲಸಕ್ಕೆ ಬೇಕಾಗಿತ್ತು ಅಂತ ಬೇಕಾದರೆ ಬರೆದುಕೊಳ್ಳಲಿ. ಪೇಂಟಿನ ಡಬ್ಬಿ ತೆಗೆಯಲು ಮಾತ್ರ ಕಚೇರಿಯವರೇ ಒಂದು ಸ್ಕ್ರೂಡ್ರೈವರ್ ತಂದಿಟ್ಟುಕೊಳ್ಳಲಿ.

ಇಂತಿ,
ಒಬ್ಬ ಡ್ರಿಪ್ ಫಿಟ್ಟರ್
ಬ್ಯಾಡಗಿ ತಾಲ್ಲೂಕು, ಹಾವೇರಿ ಜಿಲ್ಲೆ